ಪಳಗಿದ ನಟರಿಗೆ ಎಂಥ ನಾಟಕ?

ದಸರಾ ರಜೆ ಮುಗಿದು ಕಾಲೇಜು ತೆರೆದ ವಾರದಲ್ಲಿ ಕನ್ನಡ ವಿಭಾಗದ ಬಾಗಿಲ ಬಳಿ ನಾಲ್ಕೈದು ಮಂದಿ ವಿದ್ಯಾರ್ಥಿಗಳು ಬಂದು ನಿಲ್ಲುವುದು ವಾಡಿಕೆ. ಅವರು ಏಕೆ ಬಂದಿದ್ದಾರೆಂಬುದು ನನಗೆ ಗೊತ್ತು. ನನಗೆ ಗೊತ್ತಿದೆಯೆಂಬುದು ಅವರಿಗೂ ಗೊತ್ತು. ಆದರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ತುಸು ಹೊತ್ತು ಕಾಲು ಕೆರೆದುಕೊಂಡು, ಕೊನೆಗೆ ಅವರಲ್ಲಿ ಧೈರ್ಯಶಾಲಿಯಾದವನು, “ಸರ್, ಈ ವರ್ಷ ಯಾವ ನಾಟಕ?” ಎಂದು ಕೇಳುತ್ತಾನೆ. ಹೊಸಬರಾದರೆ ಉತ್ತರ ಸುಲಭ. ಮಾತು ತಿಳಿಯಾಗಿರುವ, ಪಾತ್ರಗಳು ಕೈಗೆಟುಕುವಂತಿರುವ, ಒಂದು ಗಂಟೆಯೊಳಗೆ ಮುಗಿಯುವ ಯಾವುದಾದರೊಂದು ಕೃತಿಯನ್ನು ಕಪಾಟಿನಿಂದ ತೆಗೆದುಕೊಟ್ಟರೆ ಸಾಕು. ಕೆಲವು ವರ್ಷಗಳ ಹಿಂದೆ ಹೀಗೆ ಬಂದು ನಿಂತವರು ಹೊಸಬರಾಗಿರಲಿಲ್ಲ. ಪದವಿಯ ಕೊನೆಯ ವರ್ಷದವರು. ಎರಡು ವರ್ಷ ಅಂತರಕಾಲೇಜು ಸ್ಪರ್ಧೆಗಳಲ್ಲಿ ಆಡಿದವರು. ಒಂದು ಬಹುಮಾನವನ್ನೂ ಹೊತ್ತು ತಂದವರು. ಅವರು ಕೇಳಿದ ರೀತಿಯೇ ಬೇರೆಯಾಗಿತ್ತು: “ಸರ್, ಈ ಸಲ ಕಷ್ಟದ್ದೊಂದು ಕೊಡಿ.”

ಕಷ್ಟದ್ದು ಎಂದರೇನು? ಅಂದು ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪಿನಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಾವೇರಿಯ ದಡದ ಹಳ್ಳಿಗಳಿಂದ ಮಕ್ಕಳು ಬಸ್ಸು ಹಿಡಿದು ಬರುವ ಕಾಲೇಜು. ತಲಕಾಡು, ಮುಡುಕುತೊರೆ, ಮಾಲಂಗಿ, ಬನ್ನೂರು, ಇತ್ತ ನಂಜನಗೂಡಿನ ಕಡೆಯ ಊರುಗಳು. ಈ ಸೀಮೆಯಲ್ಲಿ ನಟನೆ ಕಾಲೇಜಿನಿಂದ ಹುಟ್ಟಿದ್ದಲ್ಲ. ಜಾತ್ರೆ ಹಬ್ಬಗಳಲ್ಲಿ ಇಂದಿಗೂ ಇರುಳೆಲ್ಲ ‘ಕುರುಕ್ಷೇತ್ರ’ ನಡೆಯುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲಿ ನಿಂತು ಕಂದ ವೃತ್ತಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಪಾತ್ರ ವಹಿಸುವವರು ತಮ್ಮ ತಮ್ಮ ಪಾಲಿನ ಹಣವನ್ನು ಕೈಯಿಂದಲೇ ಹಾಕುತ್ತಾರೆ. ಕೃಷ್ಣನೂ ದುರ್ಯೋಧನನೂ ಆಗಬೇಕಾದರೆ ಆ ಪಾಲು ತುಸು ಭಾರವೇ. ಹಗಲೆಲ್ಲ ಭತ್ತದ ಗದ್ದೆಯಲ್ಲಿ ದುಡಿದವನು ರಾತ್ರಿ ಕಿರೀಟ ತೊಟ್ಟು ಸಂಧಾನದ ಸೀನಿನಲ್ಲಿ ಗರ್ಜಿಸುವುದನ್ನು ತಂದೆಯ ತೊಡೆಯ ಮೇಲೆ ಕುಳಿತು ಕಂಡ ಮಕ್ಕಳು ನಮ್ಮ ತರಗತಿಗೆ ಬರುತ್ತಾರೆ. ಅವರಿಗೆ ಸಭಾಕಂಪವೆಂಬುದು ಗೊತ್ತಿಲ್ಲ. ಮೈಕು ಕೆಟ್ಟರೂ ಅವರ ಮಾತು ನಿಲ್ಲದು. ಪಟ್ಟಣದ ಕಾಲೇಜುಗಳ ಅಧ್ಯಾಪಕ ಮಿತ್ರರು ಇದನ್ನು ಕೇಳಿ ಅಸೂಯೆಪಡುತ್ತಾರೆ.

ಅಸೂಯೆಪಡಬೇಕಾದ್ದಿಲ್ಲ. ಪಳಗುವುದೆಂದರೆ ಕೈಗೆ ಕುಶಲತೆ ಬರುವುದು ಹೇಗೋ ಹಾಗೆಯೇ ಕೈಗೆ ಚಾಳಿ ಅಂಟುವುದು ಕೂಡ. ಎರಡು ವರ್ಷ ಆಡಿ ಗೆದ್ದ ಹುಡುಗನಿಗೆ ತನ್ನ ಯಾವ ದನಿಗೆ ಚಪ್ಪಾಳೆ ಬೀಳುತ್ತದೆಂಬುದು ತಿಳಿದುಹೋಗಿರುತ್ತದೆ. ದುಃಖ ಬಂದರೆ ಮುಖ ಮುಚ್ಚಿಕೊಳ್ಳುವುದು, ಕೋಪ ಬಂದರೆ ಪ್ರೇಕ್ಷಕರ ಕಡೆಗೆ ಎರಡು ಹೆಜ್ಜೆ ಮುಂದೆ ಬರುವುದು, ಎದುರಿನವನ ಮಾತು ಮುಗಿಯುವ ಮುನ್ನವೇ ತನ್ನ ಮಾತಿಗೆ ಉಸಿರೆಳೆದುಕೊಳ್ಳುವುದು. ಇಂಥವನಿಗೆ ಇನ್ನೂ ಗಟ್ಟಿಯಾಗಿ ಕೂಗಲು ಅವಕಾಶವಿರುವ ನಾಟಕವನ್ನು ಕೊಟ್ಟರೆ ಅದು ಅವನಿಗೆ ಕಷ್ಟವೆನಿಸದು, ಹಬ್ಬವೆನಿಸೀತು. ಅವನು ಯಾವುದನ್ನು ಊರುಗೋಲಾಗಿ ಹಿಡಿದಿದ್ದಾನೋ ಅದನ್ನು ಕಸಿದುಕೊಳ್ಳುವ ನಾಟಕವೇ ಅವನ ಪಾಲಿಗೆ ಕಷ್ಟದ ನಾಟಕ. ಈ ಸರಳ ವಿಷಯ ನನಗೆ ಅಂದು ಹೊಳೆದಿರಲಿಲ್ಲ.

ಹೊಳೆಯದಿದ್ದ ಕಾರಣ ನಾನು ಅವರಿಗೆ ಸಂಸರ ‘ವಿಗಡ ವಿಕ್ರಮರಾಯ’ವನ್ನು ಕೊಟ್ಟೆ.

ಕೊಟ್ಟದ್ದರಲ್ಲಿ ಅಭಿಮಾನದ ಪಾಲೂ ಇತ್ತೆಂದು ಒಪ್ಪಿಕೊಳ್ಳಬೇಕು. ಸಂಸರು ನಮ್ಮ ನೆರೆಯವರು. 1898ರಲ್ಲಿ ಯಳಂದೂರು ಸೀಮೆಯ ಅಗರದಲ್ಲಿ ಹುಟ್ಟಿದವರು. ಮೈಸೂರಿನ ಒಡೆಯರ ಇತಿಹಾಸವೊಂದನ್ನೇ ಹಿಡಿದು ನಾಟಕದ ಮೇಲೆ ನಾಟಕ ಬರೆದು, ಎಲ್ಲಿಯೂ ನೆಲೆ ನಿಲ್ಲದೆ ಅಲೆದು, 1939ರಲ್ಲಿ ಮೈಸೂರಿನಲ್ಲಿ ತಾವೇ ತಮ್ಮ ಬಾಳನ್ನು ಮುಗಿಸಿಕೊಂಡರು. ಅವರು ಬರೆದುದರಲ್ಲಿ ಆರು ನಾಟಕಗಳು ಮಾತ್ರ ನಮಗೆ ಉಳಿದಿವೆ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಣ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ. ಆ ಹೆಸರಿನ ಹಿಂದಿರುವ ನಾಟಕಗಳನ್ನು ಓದಿದವರು ಅಲ್ಲಿ ಕೂರುವ ಪ್ರೇಕ್ಷಕರಲ್ಲಿ ಎಷ್ಟು ಮಂದಿಯೋ! ‘ವಿಗಡ ವಿಕ್ರಮರಾಯ’ದ ವಸ್ತು ಶ್ರೀರಂಗಪಟ್ಟಣದ್ದು. ಎಳೆಯ ಅರಸನಿಗೆ ವಿಷವಿಕ್ಕಿಸಿದ ದಳವಾಯಿ. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ. ಇಬ್ಬರ ನಡುವಣ ಹಾವುಮುಂಗುಸಿಯಾಟ. ನೂರು ವರ್ಷಗಳಲ್ಲಿ ಕನ್ನಡದಲ್ಲಿ ಬಂದ ಐತಿಹಾಸಿಕ ನಾಟಕಗಳನ್ನು ಬೆರಳಲ್ಲಿ ಎಣಿಸುವುದಾದರೆ ಈ ಕೃತಿ ಮೊದಲ ಬೆರಳಿನಲ್ಲಿ ನಿಲ್ಲಬೇಕೆಂದು ನನ್ನ ಮತ.

ಆದರೆ ಅದರ ಭಾಷೆ! ಹಳಗನ್ನಡದ ಗತ್ತು, ನಡುಗನ್ನಡದ ಪಡೆನುಡಿ, ಸಂಸರೇ ಕಟ್ಟಿದ ಸಮಾಸಗಳು. ನಮ್ಮ ಹುಡುಗರ ನಾಲಗೆಗೆ ಅಕಾರ ಹಕಾರಗಳು ಅದಲುಬದಲಾಗುತ್ತವೆ, ಶಕಾರವೆಲ್ಲ ಸಕಾರವಾಗುತ್ತದೆ. ಅದು ದೋಷವಲ್ಲ, ಈ ನೆಲದ ನುಡಿ. ಆದರೆ ನಾನು ಕನ್ನಡ ಅಧ್ಯಾಪಕ, ತಿದ್ದದೆ ಇರಲಾರೆ. ಎರಡು ತಿಂಗಳು ಉಚ್ಚಾರಣೆಯನ್ನು ತಿದ್ದಿದೆ. ಅಭ್ಯಾಸವೆಂಬುದು ವ್ಯಾಕರಣದ ತರಗತಿಯಾಯಿತು. ಸಿಂಹದಂತೆ ನಡೆಯುತ್ತಿದ್ದ ಹುಡುಗರು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೊಂಬೆಗಳಂತೆ ನಿಂತರು. ವಿಕ್ರಮರಾಯನ ಪಾತ್ರಕ್ಕೆ ಆರಿಸಿದ್ದ ಹುಡುಗ ನಂಜನಗೂಡಿನ ಕಡೆಯವನು, ನಾನು ಕಂಡವರಲ್ಲಿ ಒಳ್ಳೆಯ ನಟ. ಒಂದು ಸಂಜೆ ಆರನೆಯ ಸಲವೋ ಏಳನೆಯ ಸಲವೋ ಅವನ ಒಂದು ಒತ್ತಕ್ಷರವನ್ನು ನಾನು ತಡೆದು ನಿಲ್ಲಿಸಿದಾಗ, ಅವನು ಪುಸ್ತಕ ಮಡಿಸಿ, “ಸರ್, ನನಗೆ ಇವನು ಯಾಕೆ ಹೀಗೆ ಮಾಡ್ತಾನೆ ಅಂತ ಗೊತ್ತು. ಹೇಳೋಕೆ ನೀವು ಬಿಡ್ತಿಲ್ಲ” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ನಾಟಕವನ್ನು ಕೈಬಿಟ್ಟೆವು. ಆ ತಂಡ ಏನನ್ನೂ ಆಡದೆಯೇ ಕಾಲೇಜು ಬಿಟ್ಟಿತು.

ಇದು ಸಣ್ಣ ನಷ್ಟವೆಂದು ವಾಚಕರು ಭಾವಿಸಬಾರದು. ನಮ್ಮಂಥ ಕಾಲೇಜಿನಲ್ಲಿ ಕೊನೆಯ ವರ್ಷದ ನಾಟಕ ಬಹುಮಂದಿಗೆ ಬದುಕಿನ ಕೊನೆಯ ನಾಟಕವೂ ಹೌದು. ಹುಡುಗಿಯರಿಗೆ ಮದುವೆ ಗೊತ್ತಾಗಿರುತ್ತದೆ. ಹುಡುಗರು ಕಾರ್ಖಾನೆಯ ಪಾಳಿಗೋ ಬೆಂಗಳೂರಿನ ಗೋದಾಮಿಗೋ ಹೋಗುತ್ತಾರೆ. ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ; ಮೈಸೂರಿನಲ್ಲಿ 1989ರಿಂದ ರಂಗಾಯಣವಿದೆ; ನಿಜ. ಆದರೆ ಅಲ್ಲಿಗೆ ಹೋಗಬಲ್ಲವರು ನೂರಕ್ಕೊಬ್ಬರು. ಮಿಕ್ಕವರಿಗೆ ಇರುವುದು ಈ ಒಂದು ವರ್ಷ, ಈ ಒಂದು ಆಯ್ಕೆ. ಅದನ್ನು ಮಾಡುವವನು ಅಧ್ಯಾಪಕ. ಹಿಂದಿನ ವರ್ಷ ಎಲ್ಲಿಯೋ ಬಹುಮಾನ ಪಡೆದ ನಾಟಕದ ಜೆರಾಕ್ಸ್ ಪ್ರತಿಯನ್ನು ತರಿಸಿ ಕೊಡುವ ಪದ್ಧತಿಯನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಕೈಲಾಸಂ ಅವರನ್ನು ‘ಸುಲಭ’ವೆಂದು ಆರಿಸುವವರ ಬಗ್ಗೆಯೂ ಒಂದು ಮಾತು. ‘ಅಮ್ಮಾವ್ರ ಗಂಡ’, ‘ಬಂಡ್ವಾಳ್ವಿಲ್ಲದ ಬಡಾಯಿ’ ಇವು ನಗೆಯ ನಾಟಕಗಳಾದ್ದರಿಂದ ಯಾರಾದರೂ ಆಡಿಯಾರೆಂಬ ನಂಬಿಕೆ ಬೇರೂರಿದೆ. ಇಂಗ್ಲಿಷು ಕನ್ನಡಗಳನ್ನು ಒಂದೇ ಉಸಿರಿನಲ್ಲಿ ಹೆಣೆಯುವ ಆ ವಕೀಲರ ಮನೆಯ ಮಾತು ಇಂದಿನ ಯಾವ ಮನೆಯಲ್ಲಿಯೂ ಇಲ್ಲ. ಅದರ ಲಯ ತಪ್ಪಿದರೆ ನಗೆ ಸತ್ತಿತು. ನನ್ನ ಮಟ್ಟಿಗೆ ಕೈಲಾಸಂ ಪಳಗಿದವರ ಪಾಲಿನವರು. ಹೊಸಬರ ಕೈಗೆ ಕೊಡುವುದು ಅವರಿಗೂ ಇವರಿಗೂ ಅನ್ಯಾಯ.

ಸಂಸರನ್ನು ಕೈಬಿಟ್ಟ ಮರುವರ್ಷ ನಾನು ಇನ್ನೊಂದು ತುದಿಗೆ ಹೋದೆ. ದೂರದ ಭಾಷೆ ಅಡ್ಡಬಂದಿತಲ್ಲವೆ, ಅವರ ಭಾಷೆಯನ್ನೇ ಕೊಡೋಣವೆಂದುಕೊಂಡು, ದೇವನೂರ ಮಹಾದೇವರ ‘ಕುಸುಮಬಾಲೆ’ಯ ಕೆಲವು ಪುಟಗಳನ್ನು ತಂಡದ ಮುಂದೆ ಓದಿಸಿದೆ. 1984ರಲ್ಲಿ ಬಂದ ಈ ಕೃತಿ ನಂಜನಗೂಡು ಸೀಮೆಯ ಮಾತಿನಲ್ಲಿ ಉಸಿರಾಡುತ್ತದೆ. ನಾಟಕವಲ್ಲದ ಅದನ್ನು ರಂಗಾಯಣ ರಂಗಕ್ಕೆ ತಂದು ಗೆದ್ದಿದೆ. ನಮ್ಮ ಮಕ್ಕಳ ಮನೆಯ ಮಾತು, ನಾಲಗೆಗೆ ತೊಡಕಿಲ್ಲ. ಆದರೆ ಓದಲು ನಿಂತ ಹುಡುಗಿ ಎರಡನೆಯ ವಾಕ್ಯಕ್ಕೇ ನಕ್ಕಳು. ಮುಂದಿನವನೂ ನಕ್ಕ. ಇಡೀ ತಂಡ ನಗುತ್ತಿತ್ತು, ಮತ್ತು ಆ ನಗೆಯಲ್ಲಿ ಸಂತೋಷವಿರಲಿಲ್ಲ. ತಮ್ಮ ಅಜ್ಜಿಯ ಮಾತನ್ನು ನಗೆಪಾಟಲಿಗಲ್ಲದೆ ಬೇರೆ ಯಾವುದಕ್ಕೂ ರಂಗದ ಮೇಲೆ ಅವರು ಕೇಳಿರಲಿಲ್ಲ. ನಮ್ಮ ನಾಟಕಗಳಲ್ಲಿ ರಾಜ ಗ್ರಂಥದ ಕನ್ನಡವನ್ನಾಡುತ್ತಾನೆ, ಆಳು ಹಳ್ಳಿಯ ಕನ್ನಡವನ್ನು, ಆಳಿಗೆ ನಗಬೇಕು. ಹನ್ನೆರಡು ವರ್ಷ ಶಾಲೆಯಲ್ಲಿ ನಾವೇ ಕಲಿಸಿದ ನಾಚಿಕೆ ಅದು. ಹಿಂದಿನ ವರ್ಷ ಒತ್ತಕ್ಷರ ಒತ್ತಕ್ಷರಕ್ಕೂ ನಿಲ್ಲಿಸಿದ ನಾನು ಅದರಲ್ಲಿ ಪಾಲುಗಾರನಲ್ಲವೆ? ಆ ಮಾತನ್ನು ನಗದೆ ಆಡುವುದಕ್ಕೆ ಅವರಿಗೆ ಮೂರು ವಾರ ಹಿಡಿಯಿತು. ಸಂಸರ ಸಮಾಸಕ್ಕಿಂತ ಇದು ಹೆಚ್ಚಿನ ಕಷ್ಟವಾಗಿತ್ತು. ಮತ್ತು ಹಿಂದಿನದರಂತೆ ಬರಡಾದ ಕಷ್ಟವಾಗಿರಲಿಲ್ಲ. ಪ್ರದರ್ಶನ ತರಗತಿಯ ಕೋಣೆಯನ್ನು ದಾಟಲಿಲ್ಲ. ಆದರೆ ದಾರಿ ಕಂಡಿತು.

ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ವನ್ನು ಇದೇ ದಾರಿಯಲ್ಲಿ ಯೋಚಿಸಬಹುದು. ನೀಲಗಾರರ ಹಾಡನ್ನು ಕೇಳಿ ಬೆಳೆದ ನಮ್ಮ ಸೀಮೆಯ ಮಕ್ಕಳಿಗೆ ಕಥೆ ಗೊತ್ತು. ಗೊತ್ತಿರುವ ಕಥೆಯನ್ನು ಪ್ರಶ್ನೆಯಾಗಿ ನಿಲ್ಲಿಸುವುದು ಗೊತ್ತಿಲ್ಲ. ಕುವೆಂಪು ಅವರ ‘ಶೂದ್ರ ತಪಸ್ವಿ’ಯೂ ಅಂಥದೇ. 1944ರಲ್ಲಿ ಅದು ಪ್ರಕಟವಾದಾಗ ಮಾಸ್ತಿಯವರು ಆಕ್ಷೇಪವೆತ್ತಿದರು, ಕುವೆಂಪು ಉತ್ತರಿಸಿದರು. ಆ ವಾದವನ್ನು ಮೊದಲು ಓದಿಸಿ ಆಮೇಲೆ ನಾಟಕವನ್ನು ಕೈಗೆ ಕೊಟ್ಟರೆ ನಟರು ತಾವು ಯಾವ ಪಕ್ಷವೆಂದು ನಿರ್ಧರಿಸದೆ ಒಂದು ಹೆಜ್ಜೆಯನ್ನೂ ಇಡಲಾರರು. ಮೇಲಾಗಿ ಬಿಟ್ಟ ಬ್ರಹ್ಮಾಸ್ತ್ರ ತಿರುಗಿ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುವ ದೃಶ್ಯವನ್ನು ರಂಗದ ಮೇಲೆ ತೋರಿಸುವುದೆಂತು? ಬಾಡಿಗೆಯ ಸೀನರಿಯಲ್ಲಿ ಅದಕ್ಕೆ ಉತ್ತರವಿಲ್ಲ. ಮೈಯೇ ಉತ್ತರ ಹೇಳಬೇಕು. ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’, ಕುವೆಂಪು ಅವರ ‘ಸ್ಮಶಾನ ಕುರುಕ್ಷೇತ್ರಂ’ ಇವುಗಳನ್ನು ಓದಿಸಬೇಕು, ಆಡಿಸಲು ಆತುರಪಡಬಾರದು. ಹಳಗನ್ನಡದ ಉಸಿರು ಹಿಡಿದವರಿಗಲ್ಲದೆ ಅವು ದಕ್ಕವು.

ಇನ್ನು ಹೆಣ್ಣು ಪಾತ್ರಗಳ ವಿಚಾರ. ನನ್ನ ತಂಡದಲ್ಲಿ ಈಗ ಹುಡುಗಿಯರೇ ಹೆಚ್ಚು. ಆದರೆ ನಮ್ಮ ದೊಡ್ಡ ನಾಟಕಗಳಲ್ಲಿ ಅವರಿಗೆ ಸ್ಥಳವಿಲ್ಲ. ‘ತುಘಲಕ್’ ದೊಡ್ಡ ನಾಟಕವೆಂಬುದರಲ್ಲಿ ಎರಡು ಮಾತಿಲ್ಲ. ಗಿರೀಶ ಕಾರ್ನಾಡರು 1964ರಲ್ಲಿ ಬರೆದರು; ಸಿ.ಆರ್. ಸಿಂಹ ಅವರ ಅಭಿನಯವನ್ನು ಕಂಡವರು ಇಂದಿಗೂ ಅದನ್ನು ಹೇಳಿಕೊಳ್ಳುತ್ತಾರೆ. ಆದರೆ ಅದನ್ನು ಆರಿಸಿದರೆ ಮಲತಾಯಿಯ ಪಾತ್ರ ಒಬ್ಬಳಿಗೆ. ಉಳಿದ ಏಳೆಂಟು ಮಂದಿ ಜನಜಂಗುಳಿಯಲ್ಲಿ ಮುಸುಕು ಹಾಕಿಕೊಂಡು ನಿಲ್ಲಬೇಕು. ಅದೇ ಕಾರ್ನಾಡರ ‘ಯಯಾತಿ’ಯಲ್ಲಿ ದೇವಯಾನಿ, ಶರ್ಮಿಷ್ಠೆ, ಸ್ವರ್ಣಲತೆ, ಚಿತ್ರಲೇಖೆ ಎಂಬ ನಾಲ್ವರಿದ್ದಾರೆ, ನಾಲ್ವರಲ್ಲಿ ಒಬ್ಬಳಾದರೂ ಬರಿಯ ಅಲಂಕಾರಕ್ಕೆ ಬಂದವಳಲ್ಲ. ಗಂಡ ಒಂದೇ ರಾತ್ರಿಯಲ್ಲಿ ಮುದುಕನಾದುದನ್ನು ಕಾಣುವ ಚಿತ್ರಲೇಖೆಯ ಪಾತ್ರಕ್ಕೆ ಹತ್ತೊಂಬತ್ತು ವರ್ಷದ ಹುಡುಗಿಯಲ್ಲಿ ಏನೇನು ಬೇಕಾದೀತೆಂಬುದನ್ನು ಯೋಚಿಸಿದರೆ, ಅದನ್ನು ಕೊಡಲು ನನಗೇ ಭಯವಾಗುತ್ತದೆ.

ಮೂರನೆಯ ವರ್ಷ ನಾವು ಆಡಿದ್ದು ಸೊಫೊಕ್ಲೀಸನ ‘ಅಂತಿಗೊನೆ’. ಪಿ. ಲಂಕೇಶರು ‘ದೊರೆ ಈಡಿಪಸ್’ನೊಡನೆ ಅದನ್ನೂ ಕನ್ನಡಿಸಿದ್ದಾರೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕರ ನಾಟಕವನ್ನು ತಲಕಾಡಿನ ಮಕ್ಕಳಿಗೆ ಏಕೆ ಕೊಟ್ಟಿರೆಂದು ಸಹೋದ್ಯೋಗಿಯೊಬ್ಬರು ಕೇಳಿದರು. ಉತ್ತರವನ್ನು ಮಕ್ಕಳೇ ಕೊಟ್ಟರು. ರಾಜಾಜ್ಞೆಯನ್ನು ಮೀರಿ, ಹೂಳಬಾರದೆಂದು ಬಿಸುಟ ಅಣ್ಣನ ಹೆಣದ ಮೇಲೆ ಒಂದು ಹಿಡಿ ಮಣ್ಣು ತೂರುವ ಹೆಣ್ಣಿನ ಕಥೆಯನ್ನು ನಾನು ಹೇಳಿ ಮುಗಿಸುತ್ತಿದ್ದಂತೆ ಹಿಂದಿನ ಬೆಂಚಿನಿಂದ, “ಅಲಮೇಲಮ್ಮ” ಎಂಬ ದನಿ ಬಂತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ಒಡವೆಗಾಗಿ ಬೆನ್ನಟ್ಟಿ ಬಂದವರಿಗೆ ಸಿಕ್ಕದೆ ಶಾಪ ಕೊಟ್ಟು ಮಾಲಂಗಿಯ ಮಡುವಿಗೆ ಹಾರಿದಳೆಂದು ಐತಿಹ್ಯ ಹೇಳುವ ಆ ತಾಯಿಯ ಕಥೆಯನ್ನು ಕೇಳದ ಮಗು ನಮ್ಮಲ್ಲಿಲ್ಲ. ತಲಕಾಡಿನ ಗುಡಿಗಳನ್ನು ಮುಚ್ಚಿದ ಮರಳನ್ನು ಜನ ಇಂದಿಗೂ ಅವಳ ಮಾತಿಗೆ ಸೇರಿಸಿಯೇ ಹೇಳುತ್ತಾರೆ. ಎರಡೂ ಒಂದೇ ಕಥೆಯೆಂದು ನಾನು ಹೇಳಲಾರೆ. ಆದರೆ ಅರಸನ ಎದುರು ನಿಂತ ಹೆಣ್ಣು, ಮರಳು, ಮಾತು ಇವು ಮೂರೂ ಅವರಿಗೆ ಪುಸ್ತಕದಿಂದ ಬರಬೇಕಾದ ಸಂಗತಿಗಳಾಗಿರಲಿಲ್ಲ.

ದೇವಾಲಯಗಳ ಆವರಣ ಸಂರಕ್ಷಿತ ಪ್ರದೇಶ. ಅಲ್ಲಿ ಅಭ್ಯಾಸ ಸಲ್ಲದು. ಭಾನುವಾರಗಳಲ್ಲಿ ನದಿಯ ದಡಕ್ಕೆ ಹೋದೆವು. ಮರಳಿನಲ್ಲಿ ನಡೆಯುವ ನಟನಿಗೆ ಅವನ ಎಲ್ಲ ಠೀವಿಯೂ ಮರೆತುಹೋಗುತ್ತದೆ: ಕಾಲು ಹೂಳುತ್ತದೆ, ದಪದಪನೆ ಮುಂದೆ ಬರುವಂತಿಲ್ಲ. ಬಯಲಿನಲ್ಲಿ ಕೂಗಿದ ದನಿ ಗೋಡೆಗೆ ತಾಗಿ ಹಿಂದಿರುಗುವುದಿಲ್ಲವಾದ್ದರಿಂದ ಕೂಗಿದವನಿಗೆ ತೃಪ್ತಿಯಿಲ್ಲ. ಯಾರನ್ನು ಕುರಿತು ಮಾತನಾಡುತ್ತಿದ್ದೇವೋ ಅವರಿಗೆ ಮುಟ್ಟಿತೆ ಎಂಬುದೊಂದೇ ಅಲ್ಲಿ ಅಳತೆ. ನಾನು ಎರಡು ವರ್ಷ ಬಾಯಿಂದ ಹೇಳಿ ಕಲಿಸಲಾರದ್ದನ್ನು ನಾಲ್ಕು ಭಾನುವಾರಗಳಲ್ಲಿ ಕಾವೇರಿಯ ಮರಳು ಕಲಿಸಿತು.

ಪಾತ್ರ ಹಂಚುವಾಗ ಜಗಳವಾಯಿತು. ಎಲ್ಲ ಹುಡುಗಿಯರಿಗೂ ಅಂತಿಗೊನೆಯೇ ಬೇಕು. ಅಂಜಿ ಹಿಂದೆ ಸರಿಯುವ ತಂಗಿ ಇಸ್ಮೆನೆ ಯಾರಿಗೂ ಬೇಡ. ತಂಡದಲ್ಲಿ ಎಲ್ಲರಿಗಿಂತ ಮೇಲಾದ ನಟಿಗೆ ನಾನು ಇಸ್ಮೆನೆಯನ್ನು ಕೊಟ್ಟೆ. ಅವಳು ಅತ್ತಳು, ಮೂರು ದಿನ ಬರಲಿಲ್ಲ. ಅವಳ ಊರುಗೋಲೇ ವೀರಾವೇಶವಾಗಿತ್ತು. ಭಯವನ್ನು, ಪ್ರೇಕ್ಷಕರಿಂದ ಮರುಕ ಬೇಡದೆ, ತನ್ನ ಭಯಕ್ಕೂ ಒಂದು ನ್ಯಾಯವಿದೆಯೆಂಬಂತೆ ಆಡುವುದು ಅವಳಿಗೆ ಹೊಸದು. ನಾಲ್ಕನೆಯ ದಿನ ಬಂದು, “ಸರ್, ನಮ್ಮನೇಲಿ ಎಲ್ಲಾ ಇಸ್ಮೆನೇನೇ” ಎಂದಷ್ಟೇ ಹೇಳಿ ಅಭ್ಯಾಸಕ್ಕೆ ನಿಂತಳು. ಹೆಣ ಕಾಯುವ ಕಾವಲುಗಾರನ ಪಾತ್ರ ಸಿಕ್ಕಿದವನು ಊರಿನ ನಾಟಕಗಳಲ್ಲಿ ಹಾಸ್ಯಗಾರ. ಅನುವಾದದ ಪದಗಳನ್ನು ಮುಟ್ಟದೆ ಧಾಟಿಯೊಂದನ್ನು ಅವನ ಸ್ವಂತಕ್ಕೆ ಬಿಟ್ಟೆವು. ಪ್ರಾಣಭಯದಲ್ಲಿ ಸುದ್ದಿಯನ್ನು ಹೇಳಲೂ ಆರದೆ ನುಂಗಲೂ ಆರದೆ ತಡವರಿಸುವ ಅವನನ್ನು ಕಂಡು ಜನ ಮೊದಲು ನಕ್ಕರು. ಹಿಂದಿನ ವರ್ಷದ ಓದು ಅಲ್ಲಿ ಫಲಕೊಟ್ಟಿತು. ಅವನು ಆ ನಗೆಗೆ ಜೋತುಬೀಳಲಿಲ್ಲ. ಗ್ರೀಕ್ ಮೇಳದಲ್ಲಿ ಹದಿನೈದು ಮಂದಿ ಇದ್ದರಂತೆ. ನಮ್ಮದರಲ್ಲಿ ಒಂಬತ್ತು ಮಂದಿ ಹುಡುಗಿಯರು.

ಅಂತಿಗೊನೆಯಾದವಳ ತಂದೆ ಒಂದು ಸಂಜೆ ಬಂದರು. ಅಭ್ಯಾಸ ತಡವಾಗಿ ಕೊನೆಯ ಬಸ್ಸು ತಪ್ಪಿದ್ದರ ಕುರಿತು ಮಾತನಾಡಲು ಬಂದವರು. ತಮ್ಮ ಊರಿನಲ್ಲಿ ಇಪ್ಪತ್ತು ವರ್ಷ ದುರ್ಯೋಧನನಾಗಿ ಮೆರೆದವರೆಂದು ಆಮೇಲೆ ತಿಳಿಯಿತು. ದೊರೆಯ ಎದುರು ತನ್ನ ಕೆಲಸವನ್ನು ಒಪ್ಪಿಕೊಳ್ಳುವ ದೃಶ್ಯ ನಡೆಯುತ್ತಿತ್ತು. ಅವರು ಬಾಗಿಲ ಬಳಿಯೇ ನಿಂತು ಕೊನೆಯವರೆಗೆ ನೋಡಿದರು. ಹೊರಗೆ ಬಂದಾಗ ಬಸ್ಸಿನ ಮಾತು ಎತ್ತಲಿಲ್ಲ. “ಕಿರುಚ್ನೇ ಇಲ್ವಲ್ಲ ಸಾ, ಆದ್ರೂ ಬಾಗ್ಲುಗಂಟ ಕೇಳ್ತು” ಎಂದರು. ತುಸು ಹೊತ್ತಿನ ಮೇಲೆ, “ಈ ಎಣ್ಮಗ ಮನೇಲೂ ಇಂಗೇ ಮಾತಾಡಾಕ್ ಸುರು ಮಾಡುದ್ರೆ ನಮ್ ಗತಿ?” ಎಂದು ನಕ್ಕರು, ನಗೆ ಪೂರ್ತಿ ನಗೆಯಾಗಿರಲಿಲ್ಲ. ಮರುವಾರದಿಂದ ಮಗಳನ್ನು ಕರೆದೊಯ್ಯಲು ತಾವೇ ಬೈಕಿನಲ್ಲಿ ಬರತೊಡಗಿದರು.

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ನಡೆ ನಿಧಾನವಾಯಿತೆಂದು ತೀರ್ಪುಗಾರರಲ್ಲೊಬ್ಬರು ಹೇಳಿದರು. ಒಂದು ಗಂಟೆಗೆ ಕತ್ತರಿಸುವಾಗ ನಾನು ಟೈರೀಸಿಯಸನ ಭಾಗವನ್ನು ಹೆಚ್ಚಾಗಿ ಕತ್ತರಿಸಿದ್ದು ತಪ್ಪೆಂದು ನನಗೇ ಅನ್ನಿಸಿತ್ತು. ಕತ್ತರಿಯ ಮಾತು ಬಂದುದರಿಂದ ಅಧ್ಯಾಪಕ ಮಿತ್ರರಿಗೆ ಒಂದು ಸೂಚನೆ: ಕೃತಿಕಾರರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕು ವಾರಸುದಾರರದು. ಕಾಲೇಜಿನ ಒಳಗೆ ನಮ್ಮ ವಿದ್ಯಾರ್ಥಿಗಳ, ಪೋಷಕರ ಮುಂದೆ ಆಡುವುದು ಬೇರೆ. ಸಾರ್ವಜನಿಕ ವೇದಿಕೆಗೆ ಒಯ್ಯುವಾಗ ಒಂದು ಕಾಗದ ಬರೆದು ಅನುಮತಿ ಕೇಳುವುದು ಕರ್ತವ್ಯ. ನಾಟಕಕಾರನ ಮಾತನ್ನು ಕತ್ತರಿಸುವ ಮುನ್ನ ಆ ಕಾಗದ ಬರೆದರೆ ಕೈ ತುಸು ಹಿಡಿತಕ್ಕೆ ಬರುತ್ತದೆ.

ಈ ವರ್ಷ ಮತ್ತೆ ಪಳಗಿದ ತಂಡವೊಂದು ಬಂದು ನಿಂತಿದೆ. ಕಷ್ಟದ್ದೇ ಬೇಕೆಂದಿದ್ದಾರೆ. ಸಂಸರ ಹಕ್ಕಿನ ತೊಡಕಿಲ್ಲ. ‘ವಿಗಡ ವಿಕ್ರಮರಾಯ’ವನ್ನು ಮತ್ತೆ ಹೊರತೆಗೆದಿದ್ದೇನೆ. ಆದರೆ ಈ ಸಲ ಮೊದಲ ತಿಂಗಳು ಪುಸ್ತಕ ಮುಟ್ಟುವಂತಿಲ್ಲ. ದೃಶ್ಯದಲ್ಲಿ ಏನು ನಡೆಯುತ್ತದೆಂಬುದನ್ನು ಹೇಳಿ, ಅದನ್ನು ಅವರ ಮನೆಯ ಮಾತಿನಲ್ಲಿಯೇ ಆಡಿಸುವುದು. ದಳವಾಯಿ ವಿಷದ ಸಂಚನ್ನು ನಂಜನಗೂಡಿನ ಕನ್ನಡದಲ್ಲಿ ಹೂಡಲಿ. ಆಸೆ, ಅಂಜಿಕೆ, ಹುನ್ನಾರ ಮೈಗೆ ಹತ್ತಿದ ಮೇಲೆ ಸಂಸರ ಮಾತುಗಳನ್ನು ಒಂದೊಂದಾಗಿ ತರುವುದು. ಒತ್ತಕ್ಷರ ತಿದ್ದುವ ಕೆಲಸವನ್ನು ನನ್ನಿಂದ ಕಿತ್ತು ಒಬ್ಬ ವಿದ್ಯಾರ್ಥಿನಿಗೆ ಒಪ್ಪಿಸಲಾಗಿದೆ. ಅವಳು ವಾರಕ್ಕೊಮ್ಮೆ ಮಾತ್ರ ತಿದ್ದಬೇಕೆಂಬ ನಿಬಂಧನೆಯನ್ನೂ ತಂಡವೇ ಹಾಕಿದೆ.

ಮೊದಲ ಕೂಟ ಬರುವ ಸೋಮವಾರ ಸಂಜೆ. ಅಂದು ವಿಕ್ರಮರಾಯನಾಗಬೇಕಿದ್ದ ಹುಡುಗ ಈಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದಾನೆ. ಸುದ್ದಿ ಯಾರು ಮುಟ್ಟಿಸಿದರೋ, ಮೊನ್ನೆ ಫೋನು ಮಾಡಿದ್ದ. ವಾರದ ರಜೆ ಸೋಮವಾರಕ್ಕೆ ಬದಲಾದರೆ ಬಂದು ಕೂರುತ್ತೇನೆ, ಪಾತ್ರವೇನೂ ಬೇಡ ಎಂದ. ಅವನಿಗೆ ಕೊಟ್ಟಿದ್ದ ಕಾಲೇಜಿನ ಪ್ರತಿ ಇನ್ನೂ ಅವನ ಬಳಿಯೇ ಇದೆಯಂತೆ; ಹಿಂದಿರುಗಿಸಬೇಕೆ ಎಂದು ಕೇಳಿದ. ಬರುವಾಗ ತಾ ಎಂದಿದ್ದೇನೆ.